ಪತ್ತೇದಾರಿ ಆಟ ಕೊಳ್ಳುವ ಮುಂಚೆ: ಕೊಲೆಗಾರನನ್ನು ಹಿಡಿಯುವುದು ನೀವೋ, ಆಟವೋ?

ಬಾಗಲಕೋಟೆಯ ನವನಗರದಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ತಿಂಗಳಿಗೊಮ್ಮೆ ಬೆಳಗಾವಿಗೆ, ನಮ್ಮ ಮನೆಗೆ ಬರುತ್ತಾನೆ. ಶನಿವಾರ ರಾತ್ರಿ ಊಟ ಮುಗಿದ ಮೇಲೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂಡುತ್ತೇವೆ. ಆಡುವುದು ಪತ್ತೇದಾರಿ ಆಟ ಮಾತ್ರ. ಹೋದ ಸಲ ಬಂದವನು ಚಹಾ ಕುಡಿಯುವ ಮುಂಚೆಯೇ ಮೊಬೈಲ್‌ನಲ್ಲಿ ಒಂದು ಟ್ರೇಲರ್ ತೋರಿಸಿದ. ಇನ್ನೂ ಬಿಡುಗಡೆಯಾಗದ ಇಂಡಿ ಆಟ. ಮಳೆ, ಬೀದಿದೀಪ, ಉದ್ದ ಕೋಟು ಹಾಕಿದ ಪತ್ತೇದಾರ, ಹಿನ್ನೆಲೆಯಲ್ಲಿ ಸ್ಯಾಕ್ಸೊಫೋನ್. "ಕಾಕಾ, ಬಂದ ದಿನಾನೇ ತಗೊಳ್ಳೋಣ್ರಿ" ಎಂದ.

ನಮ್ಮ ಕಡೆ ಇಂಡಿ ಎಂದರೆ ಮೊದಲು ನೆನಪಾಗುವುದು ವಿಜಯಪುರ ಜಿಲ್ಲೆಯ ಲಿಂಬೆಹಣ್ಣಿನ ಊರು. ಆಟದ ಲೋಕದಲ್ಲಿ ಇಂಡಿ ಎಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಸಣ್ಣ ತಂಡ, ಕೆಲವೊಮ್ಮೆ ಒಬ್ಬನೇ ಮನುಷ್ಯ ಕೂತು ಮಾಡುವ ಆಟ. ಒಳ್ಳೆಯ ಪತ್ತೇದಾರಿ ಆಟಗಳು ಈಗ ಜಾಸ್ತಿ ಬರುತ್ತಿರುವುದು ಅಲ್ಲಿಂದಲೇ.

ನಾನು ತಕ್ಷಣ ಹೂಂ ಅನ್ನಲಿಲ್ಲ. ಮಳೆ, ದೀಪ, ಕೋಟು ಎಲ್ಲ ಟ್ರೇಲರ್‌ಗಳಲ್ಲೂ ಇರುತ್ತವೆ. ಅವನ್ನು ನೋಡಿದರೆ ಚಿತ್ರ ಬರೆದವರ ಕೈ ಹೇಗಿದೆ ಎಂದು ಗೊತ್ತಾಗುತ್ತದೆ, ಆಟ ಹೇಗಿದೆ ಎಂದಲ್ಲ. ಪತ್ತೇದಾರಿ ಆಟ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇಲ್ಲಿ ತಲೆ ಓಡಿಸುವವರು ಯಾರು? ನಾನೋ, ಪರದೆಯ ಮೇಲಿರುವ ಪತ್ತೇದಾರನೋ?

ಎಷ್ಟೋ ಆಟಗಳಲ್ಲಿ ಹೀಗಾಗುತ್ತದೆ. ನೀವು ಒಂದು ಕೋಣೆಗೆ ಹೋಗುತ್ತೀರಿ. ಮುಖ್ಯ ವಸ್ತುಗಳೆಲ್ಲ ಮಿನುಗುತ್ತಿರುತ್ತವೆ. ಎಲ್ಲವನ್ನೂ ಒತ್ತುತ್ತೀರಿ. ಕೊನೆಯದನ್ನು ಒತ್ತಿದ ಕೂಡಲೇ ಪತ್ತೇದಾರ ತಾನೇ ಹೇಳುತ್ತಾನೆ: "ಓಹೋ, ಕೊಲೆಗಾರ ಎಡಗೈಯವನು!" ಕಥೆ ಚೆನ್ನಾಗಿರಬಹುದು. ಆದರೆ ಅಲ್ಲಿ ನೀವು ಪತ್ತೇದಾರರಲ್ಲ, ಅವನ ಹಿಂದೆ ಚೀಲ ಹಿಡಿದು ಓಡಾಡುವವರು. ಇನ್ನು ಕೆಲವು ಆಟಗಳು ಬಾಯಿ ಬಿಡುವುದೇ ಇಲ್ಲ. ಎಲ್ಲವನ್ನೂ ಕಣ್ಣ ಮುಂದೆ ಇಟ್ಟು ಸುಮ್ಮನೆ ಕಾಯುತ್ತವೆ. ಎರಡೂ ಬಗೆಗೆ ಜಾಗ ಇದೆ. ಯಾವುದು ಯಾವ ಬಗೆ ಎಂದು ತಿಳಿಯದೆ ದುಡ್ಡು ಕೊಟ್ಟರೆ ಮಾತ್ರ ಬೇಸರ ಖಂಡಿತ. ಹೊಸ ಆಟವನ್ನು ಅಳೆಯಲು ನಾವು ಹಳೆಯ ಕೆಲವು ಆಟಗಳನ್ನು ಸೇರು, ಪಾವು ಇದ್ದ ಹಾಗೆ ಇಟ್ಟುಕೊಂಡಿದ್ದೇವೆ. ಅವುಗಳ ಮಾತು ಮೊದಲು.

ಹಡಗೋ, ಬಂಗಾರದ ಮೂರ್ತಿಯೋ?

ತಲೆಗೆ ಪೂರ್ತಿ ಕೆಲಸ ಬೇಕು ಎನ್ನುವವರಿಗೆ ನಾನು ಹೇಳುವುದು ಎರಡು ಹೆಸರು. ಒಂದು 2018ರಲ್ಲಿ ಬಂದ 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಇನ್ನೊಂದು 2022ರಲ್ಲಿ ಬಂದ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್'.

ಓಬ್ರಾ ಡಿನ್ ಮಾಡಿದವರು ಲ್ಯೂಕಾಸ್ ಪೋಪ್. 1802ರಲ್ಲಿ ಲಂಡನ್ನಿನಿಂದ ಹೊರಟ ಒಂದು ವ್ಯಾಪಾರದ ಹಡಗು ಕಾಣೆಯಾಗುತ್ತದೆ. 1807ರಲ್ಲಿ ಅದು ತಾನಾಗಿ ತೇಲಿಕೊಂಡು ಬಂದರಿಗೆ ವಾಪಸ್ ಬರುತ್ತದೆ. ಒಳಗೆ ಜೀವಂತ ಒಬ್ಬರೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕದ ತನಿಖಾಧಿಕಾರಿ. ಹಡಗಿನಲ್ಲಿದ್ದ 60 ಜನರಲ್ಲಿ ಪ್ರತಿಯೊಬ್ಬರ ಹೆಸರೇನು, ಅವರಿಗೆ ಏನಾಯಿತು, ಕೊಂದಿದ್ದರೆ ಯಾರು ಕೊಂದರು ಎಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಕೈಯಲ್ಲೊಂದು ಗಡಿಯಾರ. ಹೆಣದ ಹತ್ತಿರ ಅದನ್ನು ತೆರೆದರೆ ಮೊದಲು ಕತ್ತಲಲ್ಲಿ ಮಾತು, ಸದ್ದು ಕೇಳುತ್ತದೆ. ಆಮೇಲೆ ಸಾವಿನ ಆ ಒಂದು ಕ್ಷಣ ಕಲ್ಲಿನಂತೆ ನಿಂತುಬಿಡುತ್ತದೆ. ಅದರ ನಡುವೆ ನೀವು ಓಡಾಡಬಹುದು.

ಇದನ್ನು ಆಡುವಾಗ ನನಗೆ ಆಟದ ಹೊರಗಿನದೊಂದು ಯೋಚನೆ ಬಂತು. ಕಿತ್ತೂರು ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಚೆನ್ನಮ್ಮ ಇದೇ ಕಂಪನಿಯ ಎದುರು ನಿಂತದ್ದು 1824ರಲ್ಲಿ, ಅಂದರೆ ಆಟದ ಹಡಗು ವಾಪಸ್ ಬಂದ 17 ವರ್ಷಕ್ಕೆ. ಅರವತ್ತು ಜನ ಹೋದರು ಎಂದಾಗ ಆ ಕಂಪನಿ ಮೊದಲು ಕೇಳಿದ್ದು ಯಾರ ಮನೆಗೆ ಎಷ್ಟು ಪರಿಹಾರ, ಯಾರಿಗೆ ಎಷ್ಟು ದಂಡ ಎಂಬ ಲೆಕ್ಕ. ಹಡಗಿನಲ್ಲಿ ಭಾರತದಿಂದ ಹೋದ ಕೂಲಿ ನಾವಿಕರೂ ಇದ್ದಾರೆ. ಅವರಿಗೂ ಉಳಿದವರಷ್ಟೇ ಒಂದೊಂದು ಹೆಸರು, ಒಂದೊಂದು ಪುಟ. ಆ ಹೆಸರುಗಳನ್ನು ಹುಡುಕಿ ಸರಿಯಾಗಿ ಬರೆದಾಗ ನನಗೆ ನಿಜವಾಗಿ ಸಮಾಧಾನವಾಯಿತು.

ಗೋಲ್ಡನ್ ಐಡಲ್ ಲಾತ್ವಿಯಾ ದೇಶದ ಇಬ್ಬರು ಅಣ್ಣತಮ್ಮಂದಿರ ಕೆಲಸ. ಅವರ ತಂಡದ ಹೆಸರು ಕಲರ್ ಗ್ರೇ ಗೇಮ್ಸ್. 18ನೇ ಶತಮಾನದ ಕಥೆ. ಒಂದು ಬಂಗಾರದ ಮೂರ್ತಿಯ ಬೆನ್ನು ಹತ್ತಿ ಸಾವಿನ ಮೇಲೆ ಸಾವು. ಪ್ರತಿ ದೃಶ್ಯವೂ ಸಾವಾದ ಹೊತ್ತಿನ ಒಂದು ಚಿತ್ರ. ಜನರ ಜೇಬು, ಪತ್ರ, ಗೋಡೆ ಎಲ್ಲ ತಡಕಾಡಿ ಪದಗಳನ್ನು ಆರಿಸಿಕೊಳ್ಳುತ್ತೀರಿ. ಆಮೇಲೆ ಬಿಟ್ಟ ಸ್ಥಳ ತುಂಬಬೇಕು, ಶಾಲೆಯ ಪರೀಕ್ಷೆಯಲ್ಲಿ ಮಾಡಿದ ಹಾಗೆ. 'ಇಂಥವನು ಇಂಥವನನ್ನು ಇಂಥ ಕಾರಣಕ್ಕೆ ಇಂಥದರಿಂದ ಕೊಂದ.'

ಎರಡರಲ್ಲಿ ಯಾವುದು ಮೊದಲು? ಇದಕ್ಕೆ ಉತ್ತರ ಸಿಗುವುದು ಒಂದು ಸಣ್ಣ ವಿಷಯದಲ್ಲಿ. ನಾವು ಸುಮ್ನೆ ಊಹೆ ಹೊಡೆಯದ ಹಾಗೆ ಆಟ ಹೇಗೆ ತಡೆಯುತ್ತದೆ ಎಂಬುದರಲ್ಲಿ. ಪತ್ತೇದಾರಿ ಆಟ ಮಾಡುವವರಿಗೆ ಅತಿ ಕಷ್ಟದ ಕೆಲಸ ಇದೇ ಎಂದು ನನಗೆ ಅನಿಸುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಪ್ರತಿ ಸಲ ಹೇಳಿಬಿಟ್ಟರೆ ಆಡುವವರು ಯೋಚಿಸುವುದಿಲ್ಲ, ಒಂದೊಂದೇ ಹೆಸರು ಹಾಕಿ ನೋಡುತ್ತಾರೆ. ಏನೂ ಹೇಳದಿದ್ದರೆ ಕತ್ತಲಲ್ಲಿ ಕೈಬಿಟ್ಟ ಹಾಗಾಗುತ್ತದೆ. ಓಬ್ರಾ ಡಿನ್ ಇದಕ್ಕೆ ಒಂದು ಉಪಾಯ ಮಾಡಿದೆ. ಮೂರು ಜನರ ವಿವರ ಪೂರ್ತಿ ಸರಿಯಾದ ಮೇಲೆ ಮಾತ್ರ ಮೂರನ್ನೂ ಒಟ್ಟಿಗೆ ಖಾತ್ರಿ ಮಾಡುತ್ತದೆ. ಒಬ್ಬೊಬ್ಬರಿಗೂ ಹತ್ತು ಹೆಸರು ಹೊಂದಬಹುದು ಎಂದುಕೊಳ್ಳಿ. ಒಬ್ಬರನ್ನೇ ಊಹಿಸುವುದಾದರೆ ಹತ್ತು ಸಲ ಸಾಕು. ಮೂವರನ್ನು ಸೇರಿಸಿ ಊಹಿಸಬೇಕೆಂದರೆ ಸಾವಿರ ಸಲ. ಹಾಗಾಗಿ ಊಹೆಗಿಂತ ಯೋಚನೆಯೇ ಸುಲಭದ ದಾರಿಯಾಗುತ್ತದೆ. ಒಂದೆರಡು ಅನುಮಾನದ ಹೆಸರನ್ನು ಊಹೆಯಿಂದ ತುಂಬಲು ಮಾತ್ರ ಸ್ವಲ್ಪ ಜಾಗ ಉಳಿಯುತ್ತದೆ.

ಗೋಲ್ಡನ್ ಐಡಲ್ ಸ್ವಲ್ಪ ಮೃದು. ಎಲ್ಲ ತುಂಬಿದ ಮೇಲೆ ಎರಡು ಅಥವಾ ಅದಕ್ಕಿಂತ ಕಡಿಮೆ ತಪ್ಪಿದ್ದರೆ ಅಷ್ಟನ್ನು ಹೇಳುತ್ತದೆ. ಯಾವುದು ತಪ್ಪು ಎಂದು ಹೇಳುವುದಿಲ್ಲ. ನಮ್ಮ ಕನ್ನಡ ಮಾಸ್ತರು ವಹಿ ನೋಡಿ "ಎರಡು ತಪ್ಪದಾವ, ನೀನೇ ಹುಡುಕು" ಎಂದು ವಾಪಸ್ ಕೊಡುತ್ತಿದ್ದರು, ಅದೇ ರೀತಿ. ಒಂದೊಂದು ದೃಶ್ಯ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿಯುವುದರಿಂದ ಕೆಲಸ ಮುಗಿಸಿ ಸುಸ್ತಾಗಿ ಬಂದ ರಾತ್ರಿಗೂ ಹೊಂದುತ್ತದೆ. ಈ ಬಗೆಯ ಆಟ ಇದುವರೆಗೆ ಆಡಿಯೇ ಇಲ್ಲ ಎನ್ನುವವರು ಇದರಿಂದ ಶುರು ಮಾಡಿ. ಇಷ್ಟವಾದರೆ 2024ರಲ್ಲಿ ಬಂದ 'ದಿ ರೈಸ್ ಆಫ್ ದಿ ಗೋಲ್ಡನ್ ಐಡಲ್' ಇದೆ. ಅದು 1970ರ ದಶಕದ ಕಥೆ. ಓಬ್ರಾ ಡಿನ್‌ಗೆ ಮಾತ್ರ ಎರಡು ಮೂರು ರಾತ್ರಿ ಬಿಡುವು ಮಾಡಿಕೊಂಡು, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂಡಿ. ಕಿವಿಗೆ ಹೆಡ್‌ಫೋನ್ ಇರಲೇಬೇಕು. ವಿಜಯಪುರದಲ್ಲಿರುವ ನಮ್ಮ ಅಕ್ಕ ಇದನ್ನು ಆಡಿದ ಮೇಲೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ಗೋಳಗುಮ್ಮಟದಾಗ ಗ್ವಾಡಿಗೆ ಕಿವಿ ಇಟ್ಟಂಗ ಆಗತೈತೋ, ಆ ಕಡೆ ಯಾರು ಪಿಸುಗುಡ್ತಾರಂತ ನಾವ ಕಂಡು ಹಿಡೀಬೇಕು."

ಹುಡುಕುವ ಹುಚ್ಚಿದ್ದವರಿಗೆ

ಈ ಬಗೆಯ ಆಟಗಳು ಬೇರೆ. ಇಲ್ಲಿ ಕೋಣೆ ಇಲ್ಲ, ಹೆಣ ಇಲ್ಲ. ಮುಂದೆ ಒಂದು ಹಳೇ ಕಂಪ್ಯೂಟರ್ ಇದೆ, ಏನು ಹುಡುಕಬೇಕು ಎಂದು ನೀವೇ ನಿರ್ಧರಿಸಬೇಕು.

2015ರ 'ಹರ್ ಸ್ಟೋರಿ' ಈ ಬಗೆಯಲ್ಲಿ ದೊಡ್ಡ ಹೆಸರು. ಮಾಡಿದವರು ಸ್ಯಾಮ್ ಬಾರ್ಲೊ. 1994ರಲ್ಲಿ ಪೊಲೀಸರು ಒಬ್ಬ ಹೆಂಗಸನ್ನು ವಿಚಾರಿಸಿದ ವಿಡಿಯೋಗಳ ತುಣುಕುಗಳು ನಿಮ್ಮ ಮುಂದಿವೆ. ಒಂದು ಪದ ಟೈಪ್ ಮಾಡಿದರೆ ಅವಳು ಆ ಪದ ಆಡಿದ ತುಣುಕುಗಳು ಬರುತ್ತವೆ. ಎಷ್ಟೇ ಸಿಕ್ಕರೂ ಮೊದಲ ಐದು ಮಾತ್ರ ನೋಡಬಹುದು. ಆಟದ ಜೀವಾಳ ಇರುವುದು ಆ ಐದರಲ್ಲೇ. ಸಾಮಾನ್ಯ ಪದ ಹಾಕಿದರೆ ಮುಂದೆ ಹೋಗಲಾಗುವುದಿಲ್ಲ, ಅವಳ ಮಾತನ್ನು ಗಮನವಿಟ್ಟು ಕೇಳಿ ಅಪರೂಪದ ಪದ ಹಿಡಿಯಬೇಕು. ಮೊಬೈಲ್‌ನಲ್ಲೂ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿಗೂ ಭಾರವಲ್ಲ.

ಆದರೆ ನನ್ನ ಮನಸ್ಸು ಇರುವುದು 'ದಿ ರೂಟ್ರೀಸ್ ಆರ್ ಡೆಡ್' ಆಟದ ಮೇಲೆ. ಮೊದಲು 2023ರಲ್ಲಿ ಬ್ರೌಸರ್‌ನಲ್ಲೇ ಆಡುವ ಉಚಿತ ಆಟವಾಗಿ ಬಂತು. 2025ರ ಜನವರಿಯಲ್ಲಿ ಹೊಸ ಚಿತ್ರಗಳ ಜೊತೆ ದೊಡ್ಡದಾಗಿ, ದುಡ್ಡು ಕೊಟ್ಟು ಕೊಳ್ಳುವ ಆಟವಾಗಿ ಬಂತು. ಕಥೆಯ ಕಾಲ 1998. ಒಂದು ಶ್ರೀಮಂತ ಮನೆತನದ ಮೂವರು ಅಕ್ಕತಂಗಿಯರು ವಿಮಾನ ಅಪಘಾತದಲ್ಲಿ ಸಾಯುತ್ತಾರೆ. ಆಸ್ತಿ ಯಾರಿಗೆ ಹೋಗಬೇಕು ಎಂದರೆ ಇಡೀ ವಂಶವೃಕ್ಷ ಸರಿಯಾಗಿ ಬರೆಯಬೇಕು. ಡಯಲಪ್ ಕಾಲದ ಇಂಟರ್‌ನೆಟ್, ಹಳೇ ಪುಸ್ತಕ, ಪತ್ರಿಕೆ ಹುಡುಕುತ್ತಾ ಯಾರು ಯಾರ ಮಗಳು, ಯಾವ ಫೋಟೋ ಯಾರದು, ಯಾರು ಏನು ಕೆಲಸ ಮಾಡುತ್ತಿದ್ದರು ಎಂದು ತುಂಬುತ್ತಾ ಹೋಗಬೇಕು. ಇಲ್ಲೂ ಒಂದೊಂದಕ್ಕೆ ತೀರ್ಪಿಲ್ಲ, ಕೆಲವು ಸರಿಯಾದ ಮೇಲೆ ಒಟ್ಟಿಗೆ ಖಾತ್ರಿ.

ನಮ್ಮ ಸೀಮೆಯವರಿಗೆ ಈ ಕೆಲಸ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಹೆಳವರು ಬಂದು ಮನೆಯ ಮುಂದೆ ಕೂತು ಏಳೆಂಟು ತಲೆಮಾರಿನ ಹೆಸರು ಹೇಳುತ್ತಿದ್ದುದನ್ನು ನಮ್ಮ ಅವ್ವ ಕಂಡವಳು. ಯಾರು ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅವರ ವಹಿಯಲ್ಲಿ ಇರುತ್ತಿತ್ತು. ಈ ಆಟ ಆಡುವಾಗ ನಾವಿಬ್ಬರೂ ಒಂದು ಕಡೆ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿದ್ದೆವು. ಅವ್ವ ಹಿಂದೆ ಕೂತು ಹತ್ತಿ ಬತ್ತಿ ಹೊಸೆಯುತ್ತಿದ್ದಳು. ಏನು ನಡೆದಿದೆ ಎಂದು ಕೇಳಿದಳು, ಹೇಳಿದೆವು. "ಅಕೀ ತವರುಮನಿ ಯಾವ್ದು ಅಂತ ನೋಡಿದ್ರ್ಯಾ ಇಲ್ಲೋ?" ಎಂದಳು. ನೋಡಿರಲಿಲ್ಲ. ಮದುವೆಗೆ ಮುಂಚಿನ ಹೆಸರು ಹುಡುಕಿದ ಮೇಲೆ ಆ ಕೊಂಬೆಯ ಗಂಟು ಬಿಚ್ಚಿಕೊಂಡಿತು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಬಹುದಾದ ಪತ್ತೇದಾರಿ ಆಟ ನನಗೆ ಗೊತ್ತಿರುವುದು ಇದೊಂದೇ.

ಕಥೆಗಾಗಿ ಆಡುವವರಿಗೆ

2019ರ 'ಡಿಸ್ಕೋ ಎಲಿಸಿಯಂ' ಬಗ್ಗೆ ಎಲ್ಲರೂ ಹೇಳುತ್ತಾರೆ, ಹೇಳುವುದು ಸರಿಯಾಗಿಯೇ ಇದೆ. ನೆನಪು ಕಳೆದುಕೊಂಡು ಎದ್ದ ಪೊಲೀಸ್ ಪತ್ತೇದಾರ, ಮರಕ್ಕೆ ನೇತಾಡುವ ಹೆಣ, ಅವನ ತಲೆಯೊಳಗೆ ಮಾತಾಡುವ 24 ಗುಣಗಳು. ಬರವಣಿಗೆ ಬಹಳ ದೊಡ್ಡದು. ಆದರೆ ಇಲ್ಲಿ ಸುಳಿವು ಜೋಡಿಸುವುದು ನೀವಲ್ಲ, ಆಟ ಉರುಳಿಸುವ ದಾಳ ಮತ್ತು ಪಾತ್ರಗಳ ಮಾತು. ಪತ್ತೆ ಮಾಡುವ ಖುಷಿಗಾಗಿ ಕೊಂಡರೆ ನಿರಾಸೆಯಾಗಬಹುದು. ಒಬ್ಬ ಸೋತ ಮನುಷ್ಯನ ಕಥೆ ಓದಬೇಕು ಎಂದು ಕೊಂಡರೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

2020ರ 'ಪ್ಯಾರಡೈಸ್ ಕಿಲ್ಲರ್' ನಿಮ್ಮನ್ನು ಒಂದು ದ್ವೀಪದಲ್ಲಿ ಬಿಡುತ್ತದೆ. ಸಾಕ್ಷಿ ಸಾಕು ಅನಿಸಿದಾಗ ನೀವೇ ವಿಚಾರಣೆ ಶುರು ಮಾಡಬಹುದು. ನಿಮ್ಮ ತೀರ್ಪು ತಪ್ಪು ಎಂದು ಆಟ ಕಿವಿ ಹಿಂಡುವುದಿಲ್ಲ. ಕೆಲವರಿಗೆ ಇದೇ ಇಷ್ಟ. ನನಗೆ ಅಷ್ಟಾಗಿ ಹಿಡಿಸಲಿಲ್ಲ, ನಾನು ಸರಿಯೋ ತಪ್ಪೋ ಎಂದು ಕೊನೆಗಾದರೂ ಗೊತ್ತಾಗಬೇಕು. ಮಕ್ಕಳ ಜೊತೆ ಒಂದೇ ಸಂಜೆಯಲ್ಲಿ ಮುಗಿಸಬೇಕು ಎಂದರೆ 2024ರ 'ಡಕ್ ಡಿಟೆಕ್ಟಿವ್' ಸಾಕು. ಬಾತುಕೋಳಿಯೇ ಪತ್ತೇದಾರ, ಬಿಟ್ಟ ಸ್ಥಳ ತುಂಬುವ ಆಟ ಇಲ್ಲೂ ಇದೆ.

ಇಂಗ್ಲಿಷಿನ ಭಾರ

ಇದನ್ನು ಇಂಗ್ಲಿಷ್ ವಿಮರ್ಶೆಗಳು ಹೇಳುವುದಿಲ್ಲ, ನಾವು ನಾವೇ ಹೇಳಿಕೊಳ್ಳಬೇಕು. ಇವುಗಳಲ್ಲಿ ಯಾವುದೂ ಕನ್ನಡದಲ್ಲಿ ಇಲ್ಲ. ಆದರೆ ಎಲ್ಲ ಆಟದ ಇಂಗ್ಲಿಷಿನ ಭಾರ ಒಂದೇ ಅಲ್ಲ. ನಮ್ಮ ಅಕ್ಕ ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಡಿಸ್ಕೋ ಎಲಿಸಿಯಂನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಪದಗಳಿವೆ, ಅದೂ ಸುಲಭದ ಇಂಗ್ಲಿಷ್ ಅಲ್ಲ. ಅವಳು ಅರ್ಧ ಗಂಟೆಗೆ ಬಿಟ್ಟಳು. ಅದೇ ಅಕ್ಕ ಓಬ್ರಾ ಡಿನ್ ಪೂರ್ತಿ ಮುಗಿಸಿದಳು. ಅಲ್ಲಿ ಮಾತು ಕಡಿಮೆ, ಪರದೆಯ ಮೇಲೆ ಅಕ್ಷರಗಳಲ್ಲೂ ಬರುತ್ತದೆ, ಉಳಿದದ್ದೆಲ್ಲ ಕಣ್ಣಿನ ಕೆಲಸ. ಯಾರ ಪಕ್ಕ ಯಾರು ನಿಂತಿದ್ದಾರೆ, ಯಾರ ಬಟ್ಟೆ ಎಂಥದು, ಯಾರು ಯಾರ ಕೈ ಹಿಡಿದಿದ್ದಾರೆ. ಗೋಲ್ಡನ್ ಐಡಲ್‌ನಲ್ಲಿ ಓದುವುದು ಚೂರುಚೂರು, ನಿಧಾನವಾಗಿ ಓದಿದರೂ ಆಟ ಕಾಯುತ್ತದೆ. ಹರ್ ಸ್ಟೋರಿಯಲ್ಲಿ ಮಾತ್ರ ಪದದ ಸ್ಪೆಲಿಂಗ್ ಸರಿಯಾಗಿ ಟೈಪ್ ಮಾಡಬೇಕು, ಬ್ರಿಟಿಷ್ ಉಚ್ಚಾರಣೆ ಕಿವಿಗೆ ಹೊಂದಿಸಿಕೊಳ್ಳಬೇಕು. ರೂಟ್ರೀಸ್‌ನಲ್ಲೂ ಓದು ಜಾಸ್ತಿ, ಹಾಗಾಗಿ ಅದನ್ನು ಇಬ್ಬರು ಕೂತು ಆಡುವುದು ವಾಸಿ. ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಇನ್ನೂ ಬರದ ಆಟವನ್ನು ಅಳೆಯುವುದು

ಈಗ ಹುಡುಗ ತಂದ ಟ್ರೇಲರ್ ಮಾತಿಗೆ ಬರೋಣ. ಬರಲಿರುವ ಆಟಕ್ಕೆ ಮೂರು ದಾರಿ. ಬಂದ ದಿನವೇ ಕೊಳ್ಳುವುದು, ಅರ್ಲಿ ಆಕ್ಸೆಸ್‌ನಲ್ಲಿ ಅರೆಬೆಂದದ್ದನ್ನೇ ಕೊಳ್ಳುವುದು, ಕಾದು ಕೊಳ್ಳುವುದು.

ಪತ್ತೇದಾರಿ ಆಟಕ್ಕೆ ಅರ್ಲಿ ಆಕ್ಸೆಸ್ ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾರಣ ಸರಳ. ರಹಸ್ಯ ಒಂದೇ ಸಲ ಬಿಡಿಸಲು ಬರುತ್ತದೆ. ಓಟದ ಆಟವನ್ನು ಅರ್ಧ ತಯಾರಾದಾಗ ಆಡಿ, ಪೂರ್ತಿಯಾದ ಮೇಲೆ ಮತ್ತೆ ಆಡಬಹುದು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಅದನ್ನು ಮರೆಯಲಾಗುವುದಿಲ್ಲ, ಅಲ್ವಾ? ನಾನು ಒಂದು ಆಟವನ್ನು ಹೀಗೆ ಕೊಂಡು ಕೆಡಿಸಿಕೊಂಡೆ. ಆಗ ಮೂರನೇ ಅಧ್ಯಾಯದಲ್ಲಿ ಒಂದು ಮುಖ್ಯ ಸುಳಿವು ಸಿಗುತ್ತಲೇ ಇರಲಿಲ್ಲ, ಆಟದಲ್ಲೇ ದೋಷ. ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಬೇರೆಯವರ ಉತ್ತರ ಓದಿದೆ. ಆಮೇಲೆ ಅವರು ದೋಷ ಸರಿ ಮಾಡಿದರು. ನನಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಇದಕ್ಕೆ ಒಂದು ಹೊರತು ಇದೆ. 'ಶ್ಯಾಡೋಸ್ ಆಫ್ ಡೌಟ್' 2023ರ ಏಪ್ರಿಲ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದು 2024ರ ಸೆಪ್ಟೆಂಬರ್‌ನಲ್ಲಿ ಪೂರ್ತಿಯಾಯಿತು. ಅಲ್ಲಿ ಊರು, ಜನ, ಕೊಲೆ ಎಲ್ಲ ಪ್ರತಿ ಸಲ ಹೊಸದಾಗಿ ಹುಟ್ಟುತ್ತವೆ. ಅಂಥ ಆಟವಾದರೆ ಬೇಗ ಕೊಂಡರೂ ನಷ್ಟವಿಲ್ಲ. ಆದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಅದು ಭಾರ. ನಮ್ಮದರಲ್ಲಿ ತೆವಳುತ್ತಿತ್ತು.

ಬಂದ ದಿನವೇ ಕೊಳ್ಳುವ ಮುಂಚೆ ಡೆಮೊ, ಅಂದರೆ ರುಚಿ ನೋಡಲು ಕೊಡುವ ಆಟದ ಒಂದು ತುಣುಕು, ಆಡಿ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನೆಕ್ಸ್ಟ್ ಫೆಸ್ಟ್ ಎಂಬ ಡೆಮೊ ಹಬ್ಬ ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಬರಲಿರುವ ಆಟಗಳನ್ನು ಆಗ ಉಚಿತವಾಗಿ ಮುಟ್ಟಿ ನೋಡಬಹುದು. ಡೆಮೊದಲ್ಲಿ ಸರಿ ಉತ್ತರ ಹುಡುಕುವ ಆತುರ ಬೇಡ. ಮೊದಲು ಬೇಕಂತಲೇ ತಪ್ಪು ಉತ್ತರ ಕೊಡಿ. ಆಟದ ಒಳಗು ಕಾಣುವುದು ಆಗಲೇ. ತಪ್ಪೆಂದ ಕೂಡಲೇ "ಮತ್ತೆ ಪ್ರಯತ್ನಿಸಿ" ಎಂದು ಅದೇ ನಾಲ್ಕು ಆಯ್ಕೆ ಮುಂದಿಟ್ಟರೆ ಪೂರ್ತಿ ಆಟವೂ ಹಾಗೇ ಇರುತ್ತದೆ. ತಪ್ಪು ಉತ್ತರವನ್ನೂ ಗಂಭೀರವಾಗಿ ತೆಗೆದುಕೊಂಡು, ಬೇರೆ ಮಾತು ಹೇಳಿದರೆ ಆ ತಂಡ ಯೋಚಿಸಿ ಕೆಲಸ ಮಾಡಿದೆ ಎಂದರ್ಥ. ಆಮೇಲೆ ನೋಡಬೇಕಾದ್ದು ಟಿಪ್ಪಣಿ ಯಾರು ಬರೆಯುತ್ತಾರೆ ಎಂಬುದು. ಆಟವೇ ಎಲ್ಲ ಬರೆದು ಗೆರೆ ಎಳೆದು ಜೋಡಿಸಿ ಕೊಟ್ಟರೆ ನಿಮಗೆ ಉಳಿಯುವ ಕೆಲಸ ಕಡಿಮೆ. ಅಕ್ಷರದ ಗಾತ್ರವನ್ನೂ ನೋಡಿಕೊಳ್ಳಿ. ದೊಡ್ಡ ಪರದೆಗೆ ಮಾಡಿದ ಅಕ್ಷರ 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಕಣ್ಣು ನೋಯಿಸುತ್ತದೆ.

ವಿಮರ್ಶೆ ಓದುವುದಾದರೆ ಬೈದವರದ್ದನ್ನು ಮೊದಲು ಓದಿ. "ಎಲ್ಲ ನಾವೇ ಬರೆದುಕೊಳ್ಳಬೇಕು, ಆಟ ಏನೂ ಹೇಳಿಕೊಡಲ್ಲ" ಎಂದು ಯಾರಾದರೂ ದೂರಿದ್ದರೆ ನನಗೆ ಅದು ಒಳ್ಳೆಯ ಸುದ್ದಿ. "ಕೊನೆಯ ಅಧ್ಯಾಯ ಅವಸರದ್ದು" ಎಂದು ಹಲವರು ಹೇಳಿದ್ದರೆ ಅದನ್ನು ನಂಬಬೇಕು.

ಡೆಮೊ ಇಲ್ಲದಿದ್ದರೆ ಸ್ಟೀಮ್‌ನ ವಾಪಸಾತಿ ನಿಯಮ ಇದೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆಟ ತೆರೆದಿಟ್ಟು ಊಟಕ್ಕೆ ಎದ್ದು ಹೋದರೂ ಗಂಟೆ ಓಡುತ್ತಲೇ ಇರುತ್ತದೆ, ಮುಚ್ಚಿ ಹೋಗಿ. ಹಾಗೆಂದು ಎರಡು ಗಂಟೆಯ ಸಣ್ಣ ಆಟವನ್ನು ಮುಗಿಸಿ ದುಡ್ಡು ವಾಪಸ್ ಪಡೆಯಬೇಡಿ. ಇಬ್ಬರು ಮೂವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು.

ಆ ಟ್ರೇಲರ್‌ನ ಆಟದ ಡೆಮೊ ಸಿಕ್ಕಿತು, ಇಬ್ಬರೂ ಆಡಿದೆವು. ಹೆಸರು ಬರೆಯುತ್ತಿಲ್ಲ. ಇನ್ನೂ ತಯಾರಾಗುತ್ತಿರುವ ಆಟಕ್ಕೆ ಒಂದು ಗಂಟೆಯ ಡೆಮೊ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ. ಚಿತ್ರ ಚೆಂದ, ಸಂಗೀತ ಇನ್ನೂ ಚೆಂದ. ಆದರೆ ಬೇಕಂತಲೇ ತಪ್ಪು ಹೆಸರು ಹೇಳಿದೆವು, ಪತ್ತೇದಾರ ತಲೆ ಅಲ್ಲಾಡಿಸಿ ಸರಿಯಾದ ಸುಳಿವನ್ನು ತಾನೇ ತೋರಿಸಿಬಿಟ್ಟ. ಹುಡುಗ ನನ್ನ ಮುಖ ನೋಡಿದ, ನಾನು ಏನೂ ಹೇಳಲಿಲ್ಲ. ಉಳಿದ ರಾತ್ರಿ ರೈಸ್ ಆಫ್ ದಿ ಗೋಲ್ಡನ್ ಐಡಲ್ ತೆರೆದು ಕೂತೆವು. ಒಂದು ದೃಶ್ಯ ಬಿಡಿಸಲಾಗದೆ ಹಾಗೇ ಮಲಗಿದೆವು. ಭಾನುವಾರ ಸಂಜೆ ಅವನನ್ನು ಬಸ್ ಹತ್ತಿಸಿ ಬಂದೆ. ಬಸ್ಸು ಲೋಕಾಪುರ ಮುಟ್ಟುವ ಹೊತ್ತಿಗೆ ಫೋನ್ ಬಂತು. "ಕಾಕಾ, ಆ ಎರಡು ಹೆಸರು ಅದಲುಬದಲು ಮಾಡಿ ನೋಡ್ರಿ." ಆ ಹೊಸ ಆಟದ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ. ಅದನ್ನು ವಿಶ್‌ಲಿಸ್ಟ್‌ಗೆ ಹಾಕಿಟ್ಟಿದ್ದೇವೆ, ಬೆಲೆ ಇಳಿದಾಗ ನೋಡುತ್ತೇವೆ.